ಮೇಜು ಖಾಲಿ ಇಲ್ಲ

ಎರಡನೇ ಬೋಗಿ ಮತ್ತೆ ಮಗುಚಿ ಬಿದ್ದಾಗ ಟೈಲರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ನೆಲದ ಮೇಲೆ ಹರಡಿದ್ದ ನೀಲಿ ಬಟ್ಟೆಯ ನಡುವೆ ಮಂಡಿಯೂರಿ ಕೂತಿದ್ದವಳು ಕತ್ತರಿಯನ್ನು ಕೆಳಗಿಟ್ಟು, "ಬಿತ್ತಾ?" ಎಂದಳು.

"ಬಿತ್ತು," ಎಂದ ಗಂಡ.

"ಇವತ್ತಿಗೆ ಎಷ್ಟನೇ ಸಲ?"

"ಅದನ್ನೆಲ್ಲ ಯಾರೇ ಲೆಕ್ಕ ಇಟ್ಕೊಂಡಿರ್ತಾರೆ?"

"ನಾನಿಟ್ಕೊಂಡಿದೀನಲ್ಲ. ಹದಿನಾರು."

ಗಂಡ ಬಡಗಿ. ಮೂವತ್ತೈದು ವರ್ಷ ಊರವರ ಬಾಗಿಲು, ಕಿಟಕಿ, ಮಂಚಗಳಿಗೆ ಉಳಿ ಹಿಡಿದವನು, ಈಚೆಗೆ ಅಂಗಡಿಯ ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದ. ಉಳಿದ ನಾಲ್ಕು ದಿನ ಕೈ ಸುಮ್ಮನಿರಬೇಕಲ್ಲ! ಹಳೇ ಸಾಮಾನಿನ ಅಂಗಡಿಯಲ್ಲಿ ಆಟದ ರೈಲಿನ ಒಂದು ಪೆಟ್ಟಿಗೆ ಸಿಕ್ಕಿತು. ಗೇಣುದ್ದದ ಎಂಜಿನ್, ಮೂರು ಬೋಗಿ, ಒಂದಿಷ್ಟು ಹಳಿ, ವೇಗ ಹೆಚ್ಚುಕಡಿಮೆ ಮಾಡಲು ಗುಂಡಿ ತಿರುಗಿಸುವ ಒಂದು ಡಬ್ಬ. ತಂದವನೇ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಲಗೆ ಹಾಸಿ, ಮೊಟ್ಟೆಯಾಕಾರಕ್ಕೆ ಹಳಿ ಜೋಡಿಸಿ, ಮೊಳೆ ಹೊಡೆದೇಬಿಟ್ಟ. "ಎರಡೇ ದಿನ ಕಣೇ," ಎಂದಿದ್ದ. ಆ ಎರಡು ದಿನ ಈಗ ಮೂರು ವಾರವಾಗಿತ್ತು.

ಮೂರು ವಾರದಿಂದ ಟೈಲರಮ್ಮ ನೆಲದ ಮೇಲೆ ಕೂತು ಕತ್ತರಿಸುತ್ತಿದ್ದಳು. ಮಂಡಿ ಎರಡೂ ಊದಿಕೊಂಡಿದ್ದವು. ಬಟ್ಟೆ ಯಾವಾಗ ಸಿಗುತ್ತದೆ ಎಂದು ಬಂದವರಿಗೆಲ್ಲ "ಮೇಜು ಖಾಲಿ ಇಲ್ಲ" ಎಂದು ಹೇಳಿ ಹೇಳಿ ಅವಳ ಹೊಟ್ಟೆ ಉರಿದುಹೋಗಿತ್ತು. ಹೊಸ ಮೇಜಿನ ಮಾತೋ, ಅದು ಮದುವೆಯಾದ ವರ್ಷದಿಂದ ನಡೆಯುತ್ತಲೇ ಇತ್ತು. ಊರಿಗೆಲ್ಲ ಮೇಜು ಮಾಡಿಕೊಟ್ಟ ಮಹಾನುಭಾವನ ಮನೆಯಲ್ಲಿದ್ದುದು ಟೈಲರಮ್ಮನ ತವರಿನಿಂದ ಬಂದ ಮೇಜು. ದೀಪದ ಬುಡದಲ್ಲೇ ಕತ್ತಲು.

ಅವತ್ತು ಬೆಳಿಗ್ಗೆ ಅವಳು ಒಂದು ಪಂದ್ಯ ಕಟ್ಟಿದ್ದಳು.

"ನೋಡ್ರಿ, ಇವತ್ತು ನಾಲ್ಕು ಗಂಟೆಯೊಳಗೆ ನಿಮ್ಮ ರೈಲು ಬೀಳದೆ ಹತ್ತು ಸುತ್ತು ಓಡಿದ್ರೆ ಮೇಜು ನಿಮ್ದು. ನಾನು ತುಟಿ ಪಿಟಕ್ ಅನ್ನಲ್ಲ. ಓಡ್ಲಿಲ್ವೋ, ಎಲ್ಲಾ ಕಿತ್ತು ಅಟ್ಟಕ್ಕೆ. ಮತ್ತೆ ಇಳಿಸೋ ಹಾಗಿಲ್ಲ."

"ಆಯ್ತು," ಎಂದಿದ್ದ ಅವನು, ಎದೆಯುಬ್ಬಿಸಿ.

ಈಗ ಮೂರೂಕಾಲು. ನಾಲ್ಕೂವರೆಗೆ ಹಾಡಿನ ಗುಂಪಿನ ಟೀಚರ್ ಬರುವವರಿದ್ದರು, ಹನ್ನೆರಡು ನೀಲಿ ಅಂಗಿಗಳು ಎಲ್ಲಿಗೆ ಬಂದವು ಎಂದು ನೋಡಲು. ಅಷ್ಟರೊಳಗೆ ಮೇಜು ತನ್ನದಾಗುತ್ತದೆ, ನಿಂತುಕೊಂಡು ಹಾಯಾಗಿ ಕತ್ತರಿಸಬಹುದು ಎಂದು ಟೈಲರಮ್ಮ ಮನಸ್ಸಿನಲ್ಲೇ ಮಂಡಿಗೆ ಮೆಲ್ಲುತ್ತಿದ್ದಳು.

"ಈ ಬೋಗಿದೇ ತಕರಾರು," ಎಂದ ಗಂಡ, ಬಿದ್ದದ್ದನ್ನು ಎತ್ತಿ ಚಕ್ರಗಳನ್ನು ಬೆಳಕಿಗೆ ಹಿಡಿಯುತ್ತ. "ತೂಕ ಸಾಲಲ್ಲ." ಬೋಗಿಯೊಳಗೆ ಒಂದು ನಟ್ಟು ತುರುಕಿ ಬಿಟ್ಟ. ಬಿತ್ತು. ವೇಗ ತಗ್ಗಿಸಿ ಬಿಟ್ಟ. ನಿಧಾನವಾಗಿ ಬಿತ್ತು. ಹಿಂದಿನ ದಿನ ಎರಡು ಹಳಿ ಕೂಡುವ ಕಡೆ ಒಂದರ ತುದಿ ಕೂದಲೆಳೆಯಷ್ಟು ಮೇಲೆದ್ದದ್ದನ್ನು ಕಂಡುಹಿಡಿದು ಸರಿಮಾಡಿ, ಕೆಲಸ ಮುಗಿದೇಹೋಯಿತೆಂದು ಶಿಳ್ಳೆ ಹೊಡೆದಿದ್ದ ಪಾಪ. ಆಮೇಲೂ ಬಿದ್ದಿತ್ತು.

ಟೈಲರಮ್ಮ ಬಟ್ಟೆಯ ಮೇಲೆ ಗೆರೆ ಎಳೆಯುವಂತೆ ನಟಿಸಿದಳು. ಆದರೆ ಕೆಟ್ಟ ಕೆಲಸ ಕಣ್ಣೆದುರಿಗಿದ್ದರೆ ಅವಳ ಬಾಯಿ ಸುಮ್ಮನಿರುವ ಪೈಕಿ ಅಲ್ಲ.

"ಎಲ್ಲಿ ಬೀಳುತ್ತೆ?"

"ಆ ತಿರುವಲ್ಲೇ. ಪ್ರತಿ ಸಲ."

"ಬೋಗಿಗಳನ್ನ ಹಿಂದುಮುಂದು ಮಾಡಿ ನೋಡಿದ್ರಾ?"

ಅವನು ನೋಡಿರಲಿಲ್ಲ. ಮೂರನೆಯದನ್ನು ಎರಡನೆಯದರ ಜಾಗಕ್ಕೆ ಸಿಕ್ಕಿಸಿ ಬಿಟ್ಟ. ಅದೇ ತಿರುವಿನಲ್ಲಿ ಈಗ ಇದು ಬಿತ್ತು.

"ಅಯ್ಯೋ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಗುತ್ತ ಟೈಲರಮ್ಮ ಮಂಡಿ ಹಿಡಿದುಕೊಂಡು ಎದ್ದಳು. "ಇಲ್ಲಿ ಕುಣಿಯೋಳು ಸರಿಯಾಗೇ ಇದಾಳೆ ಕಣ್ರೀ. ನೆಲವೇ ಡೊಂಕು."

ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳು ಮೇಜಿನ ಮೇಲೆ ಬಾಗಿದಳು. ಎಂಜಿನ್ ನಿಲ್ಲಿಸಿ, ಹೊಲಿಗೆ ಪರೀಕ್ಷೆ ಮಾಡುವ ಹಾಗೆ ತೋರುಬೆರಳನ್ನು ಹಳಿಯ ಮೇಲೆ ಹಗುರವಾಗಿ ಎಳೆದುಕೊಂಡು ಹೋದಳು. ನೇರ ಹಳಿಯಲ್ಲಿ ಬೆರಳು ನೀರಿನಂತೆ ಹರಿಯಿತು. ತಿರುವಿನಲ್ಲಿ ತಡೆಯಿತು. ಅವಳು ಮತ್ತೆ ಎಳೆದಳು. ಮತ್ತೆ ಅಲ್ಲೇ ತಡೆಯಿತು. ಅವಳಿಗೆ ರೋಮಾಂಚನವಾಯಿತು. ಇದು ಗೊತ್ತಿರುವ ರೋಗ!

"ಹೊಲಿಗೆ ಬಿಗಿಯಾಗಿದೆ," ಎಂದಳು.

"ಏನು?"

"ದಾರ ಜಗ್ಗಿ ಹೊಲಿದ್ರೆ ಬಟ್ಟೆ ಸುಕ್ಕುಗಟ್ಟುತ್ತಲ್ಲ, ಹಾಗೆ. ತಡೀರಿ, ತೋರಿಸ್ತೀನಿ."

ಅಂಗಿ ಗುಂಡಿಗಳ ಡಬ್ಬ ಕೆದಕಿ, ಎರಡು ಹಳಿಗಳ ನಡುವೆ ಸರಿಯಾಗಿ ಹಿಡಿಸುವಂಥ ಒಂದು ಕೋಟಿನ ಗುಂಡಿ ಆರಿಸಿದಳು. ಅದನ್ನು ಅಡ್ಡಡ್ಡ ನಿಲ್ಲಿಸಿ ಮೆಲ್ಲಗೆ ತಳ್ಳಿಕೊಂಡು ಹೋದಳು. ನೇರ ಹಳಿ ಪೂರ್ತಿ ಗುಂಡಿ ಸರಾಗವಾಗಿ ಜಾರಿತು. ತಿರುವಿನ ಮೊದಲ ಮೊಳೆ ಬಂತು, ಗುಂಡಿ ಗಕ್ಕನೆ ಸಿಕ್ಕಿಕೊಂಡಿತು. ಬಡಗಿ ಬಾಯಿ ಬಿಟ್ಟುಕೊಂಡು ನೋಡಿದ. ಹಳಿಯ ಕೆಳಗಿನ ಪುಟ್ಟ ಅಡ್ಡಪಟ್ಟಿಗಳು ಮೊಳೆಯ ಏಟಿಗೆ ನಡುವೆ ಕುಸಿದಿದ್ದವು. ಕುಸಿದ ಪಟ್ಟಿಗಳು ಎರಡು ಹಳಿಗಳನ್ನೂ ಒಳಕ್ಕೆ ಎಳೆದುಕೊಂಡಿದ್ದವು. ಇಕ್ಕಟ್ಟಾದ ಹಳಿಯಲ್ಲಿ ಚಕ್ರ ಇಳಿಯಲಾರದೆ ಮೇಲೆ ಹತ್ತಿಬಿಡುತ್ತಿತ್ತು.

"ಮೊಳೆ ಯಾಕ್ರೀ ಇಷ್ಟು ಆಳ ಹೊಡೆದಿದೀರಿ? ಇದೇನು ಕೋಟೆ ಬಾಗಿಲಾ?"

"ಮೊಳೆ ಅಂದ್ಮೇಲೆ ತಲೆ ಮುಳುಗೋವರೆಗೂ ಹೊಡೀಬೇಕು. ಸಡಿಲ ಬಿಟ್ಟರೆ ಅದನ್ನ ಕೆಲಸ ಅಂತಾರಾ?" ಅವನ ದನಿಯಲ್ಲಿ ನಿಜವಾದ ನೋವಿತ್ತು. ಅವನ ಸುತ್ತಿಗೆ ಮೂವತ್ತೈದು ವರ್ಷ ಕಲಿತದ್ದು ಅದೊಂದನ್ನೇ.

"ಅತಿಯಾದ್ರೆ ಅಮೃತವೂ ವಿಷ. ಕೀಳ್ರಿ."

ಗಡಿಯಾರ ಮೂರು ಮೂವತ್ತೈದು ತೋರಿಸುತ್ತಿತ್ತು. ತಿರುವಿನಲ್ಲಿ ಒಂಬತ್ತು ಮೊಳೆಗಳಿದ್ದವು. ಅವನು ಸಣ್ಣ ಇಕ್ಕಳ ಹಿಡಿದ, ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದಳು. ಅವಳು ಕೊಕ್ಕೆ ತೂರಿಸಿ ಮೊಳೆಯ ತಲೆ ಎಬ್ಬಿಸುವುದು, ಅವನು ಹಿಡಿದು ಎಳೆಯುವುದು. ಮತ್ತೆ ಹೊಡೆಯುವಾಗ ಅವಳು ಅಂಗಿಯ ಅಳತೆ ತೆಗೆದಿಡುವ ದಪ್ಪ ಕಾಗದದ ಚೂರನ್ನು ಮೊಳೆಯ ತಲೆಯಡಿ ಇಟ್ಟಳು. "ಕಾಗದಕ್ಕೆ ತಾಗ್ತಿದ್ದ ಹಾಗೆ ನಿಲ್ಲಿಸಬೇಕು. ಹೂಂ, ಸಾಕು. ಸಾಕು ಅಂದ್ನಲ್ಲ!" ಕಾಗದ ಎಳೆದುಕೊಂಡರೆ ಉಳಿಯುವಷ್ಟೇ ಸಂದು ಮೊಳೆಗೂ ಪಟ್ಟಿಗೂ ನಡುವೆ ಬೇಕು. ಬಡಗಿಯ ಕೈ ಪ್ರತಿ ಮೊಳೆಗೂ ಇನ್ನೊಂದೇ ಒಂದು ಏಟಿಗೆ ತವಕಿಸುತ್ತಿತ್ತು. ಅವಳು ಪ್ರತಿ ಸಲವೂ ಸುತ್ತಿಗೆ ಹಿಡಿದುಕೊಂಡಳು.

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಆರನೇ ಮೊಳೆಯ ಹೊತ್ತಿಗೆ ಹೊಳೆಯಿತು. ಹೊಳೆದರೇನು, ಇನ್ನು ಮೂರು ಉಳಿದಿದ್ದವಲ್ಲ. ಅರ್ಧ ಹೊಲಿಗೆ ಬಿಟ್ಟು ಎದ್ದ ಹೆಂಗಸಲ್ಲ ಅವಳು.

ಮೂರು ಐವತ್ತಕ್ಕೆ ಗುಂಡಿ ತಿರುವಿನುದ್ದಕ್ಕೂ ಜಾರಿತು. ರೈಲು ಹೊರಟಿತು.

ಒಂದು. ತಿರುವು ಬಂತು, ಮೂರು ಬೋಗಿಗಳೂ ದಾಟಿದವು. "ದಾಟ್ತು!" ಎಂದು ಕಿರುಚಿದ್ದು ಅವಳೇ. ಎರಡು. ಮೂರು. ನಾಲ್ಕನೆಯದರಲ್ಲಿ ಅವನು ವೇಗ ಹೆಚ್ಚಿಸಲು ಹೋದಾಗ ಕೈ ಮೇಲೊಂದು ಏಟು ಕೊಟ್ಟಳು. ಐದು. ಆರು. ಅವಳು ತುದಿಗಾಲಲ್ಲಿ ನಿಂತಿದ್ದಳು. ಮಂಡಿ ನೋವು ಎಲ್ಲಿ ಹೋಯಿತೋ ಏನೋ. ಏಳು. ಎಂಟು.

ಒಂಬತ್ತನೇ ಸುತ್ತಿನಲ್ಲಿ ಎಂಜಿನ್ ಮೇಜಿನ ಆಚೆ ತುದಿಯಲ್ಲಿದ್ದಾಗ ಅವಳಿಗೆ ಅದು ಕಾಣಿಸಿತು. ಅವಳ ಮುಂಗೈಗೆ ಕಟ್ಟಿದ್ದ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನಿಂದ ಒಂದು ಗುಂಡುಸೂಜಿ ಜಾರಿ, ತಿರುವಿನ ಒಂದು ಹಳಿಯ ಮೇಲೆ ಅಡ್ಡ ಮಲಗಿತ್ತು. ಗಂಡನ ಕಣ್ಣು ಎಂಜಿನ್ ಮೇಲಿತ್ತು. ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಸುಮ್ಮನೆ ನಿಂತರೆ ಸಾಕು, ರೈಲು ಬೀಳುತ್ತದೆ, ಹಲಗೆ ಅಟ್ಟಕ್ಕೆ ಹೋಗುತ್ತದೆ, ನಾಲ್ಕೂವರೆಗೆ ಮೇಜು ಖಾಲಿ. ಮೂರು ವಾರದಿಂದ ಅವಳು ಕೇಳಿಕೊಂಡಿದ್ದೂ ಅದನ್ನೇ.

ಎಂಜಿನ್ ತಿರುವಿಗೆ ತಿರುಗಿತು. ಟೈಲರಮ್ಮನ ಕೈ ಅವಳನ್ನು ಕೇಳದೆಯೇ ಮುಂದೆ ಹೋಗಿ ಸೂಜಿ ಎತ್ತಿಕೊಂಡಿತು. ಎಂಜಿನ್ ಬೆರಳಿಗೆ ಗಾಳಿ ತಾಕಿಸಿಕೊಂಡು ಹೋಯಿತು.

"ಏನೇ ಅದು?"

"ಏನಿಲ್ಲ. ಕಣ್ಣು ರೈಲಿನ ಮೇಲಿಡಿ."

ಹತ್ತು!

ಬಡಗಿ ಎರಡೂ ಕೈ ಮೇಲೆತ್ತಿ ಕೂಗಿದ. ಹೆಂಡತಿಯ ಭುಜ ಹಿಡಿದು ಅಲ್ಲಾಡಿಸಿದ. ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು. ಅವಳು ಅವನ ಕೈಯಿಂದ ವೇಗದ ಡಬ್ಬ ಕಿತ್ತುಕೊಂಡಳು. "ಸರೀರಿ ಆಚೆ. ಇನ್ನು ನಂದು."

ಹನ್ನೊಂದು, ಹನ್ನೆರಡು, ಹದಿಮೂರು. ಡಬ್ಬದ ಗುಂಡಿ ಒಂದಿಷ್ಟು ತಿರುಗಿಸಿದರೆ ರೈಲು ಓಡುತ್ತಿತ್ತು, ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಮಾತು ಕೇಳುತ್ತಿತ್ತು. ಇಷ್ಟು ಚೆಂದದ ವಸ್ತುವನ್ನು ಈ ಮನುಷ್ಯ ಮೂರು ವಾರ ಒಬ್ಬನೇ ಇಟ್ಟುಕೊಂಡಿದ್ದನಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಎಷ್ಟು ಹೊತ್ತು ಹೋಯಿತೋ, ಸೊಂಟದ ಹತ್ತಿರ ಏನೋ ತಣ್ಣಗೆ ತಾಗಿತು. ಗಂಡ ನೆಲದ ಮೇಲೆ ಕೂತು ಅವಳ ಪಾದದಿಂದ ಮೊಣಕೈವರೆಗೆ ಅಳತೆಪಟ್ಟಿ ಹಿಡಿದಿದ್ದ, ಕಿವಿಯ ಮೇಲೆ ಪೆನ್ಸಿಲ್.

"ಏನ್ರೀ ಇದು?"

"ಹೊಸ ಮೇಜಿಗೆ ಎತ್ತರ. ಅಲ್ಲಾಡಬೇಡ," ಎಂದ. "ಸೂಜಿ ನಾನೂ ನೋಡ್ದೆ ಕಣೇ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನಾಲ್ಕೂವರೆ. ಟೀಚರ್ ಒಳಗಿಣುಕಿ, ನೆಲದ ಮೇಲೆ ಹಾಗೇ ಬಿದ್ದಿದ್ದ ನೀಲಿ ಬಟ್ಟೆ ನೋಡಿ, "ಇನ್ನೂ ಕತ್ತರಿಸಿಲ್ವಾ?" ಎಂದರು.

"ಇಲ್ಲ," ಎಂದಳು ಟೈಲರಮ್ಮ, ತಿರುವಿನ ಮೇಲಿನ ಕಣ್ಣು ತೆಗೆಯದೆ, ಮುಖದ ತುಂಬ ನಗುತ್ತ. "ಮೇಜು ಖಾಲಿ ಇಲ್ಲ!"