ಮೊದಲ ಗುಟುಕು

ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕೂತ ಕೆಂಪು ಬಣ್ಣ ಸಾಬೂನು ಹಚ್ಚಿ ತಿಕ್ಕಿದರೂ ಹೋಗಿಲ್ಲ, ಹೋಗದಿದ್ದರೆ ಹಾಳಾಗಿ ಹೋಗಲಿ ಎಂದುಕೊಂಡು ವಾಣಿಶ್ರೀ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಅಲ್ಲೇ ಇದೆ ಅದು, ಎಲ್ಲಿಗೂ ಹೋಗಿಲ್ಲ — ಉಳ್ಳಾಗಡ್ಡಿ ಬೇರಿನ ತುದಿಯ ಒಂದು ಜೀವಕೋಶ, ನಡುವೆ ಕೆಂಪಗೆ ದೊಡ್ಡ ದುಂಡು, ಅದರ ಪಕ್ಕದಲ್ಲಿ, ಇರಬಾರದ ಜಾಗದಲ್ಲಿ, ಇನ್ನೊಂದು ಸಣ್ಣ ದುಂಡು. ಕೋಶ ಎರಡಾಗುವಾಗ ವರ್ಣತಂತು ಮುರಿದು ಚೂರೊಂದು ಹಿಂದೆ ಬಿದ್ದರೆ ಹೀಗೆ ಒಂಟಿಯಾಗಿ ಮುದುಡಿ ಕೂರುತ್ತದೆ. ಬರೀ ನೀರಿನಲ್ಲಿ ಬೇರು ಬಿಟ್ಟ ಗಡ್ಡೆಯಲ್ಲಿ ಇದನ್ನು ಹುಡುಕಿ ಕಣ್ಣು ಸೋತಿತ್ತು, ಇಲ್ಲಿ ಹುಡುಕುವುದೇ ಬೇಡ, ನೋಡಿದಲ್ಲೆಲ್ಲ ಅದೇ. ಗಾಜಿನ ಪಟ್ಟಿಗಳ ಹೆಸರು ಮುಚ್ಚಿ ಗುರುತು ಅಂಟಿಸಿದವಳು ಪಕ್ಕದ ಮೇಜಿನ ಅಬೀದಾ, ನಿನ್ನ ಕಣ್ಣು ನಿಮ್ಮಪ್ಪಾರ ಕಡೆ ವಾಲಬಾರ್ದು ನೋಡವಾ ಎಂದು ಆಗ ನಕ್ಕಿದ್ದಳು, ಇವತ್ತು ಬೆಳಿಗ್ಗೆ ಗುರುತು ಬಿಚ್ಚಿದಾಗ ನಗಲಿಲ್ಲ, ಇದು ಈಶ್ವರಿ ಬೇರಿನ ಕಷಾಯದಾಗ ಇಟ್ಟ ಗಡ್ಡಿ ಎಂದಷ್ಟೇ ಹೇಳಿ ಚಹಾ ತರುವ ನೆಪ ಮಾಡಿ ಹೊರಗೆ ನಡೆದಳು.

ಈಶ್ವರಿ — ಅಪ್ಪನಿಗೆ ಆ ಹೆಸರೊಂದೇ ಸಾಕು. ಹತ್ತಿ ವ್ಯಾಪಾರದ ಕುಬೇರಪ್ಪನವರು ಪ್ರತಿ ಸೋಮವಾರ ವಿಭೂತಿ ಹಚ್ಚಿಕೊಂಡು ಗಬ್ಬೂರಿನ ಮನೆಯ ಕಟ್ಟೆಯ ಮೇಲೆ ಹಿತ್ತಾಳೆ ಪಾತ್ರೆ ಇಟ್ಟು ಹಂಚುವುದು ಆ ಬೇರಿನ ಕಷಾಯ, ಜ್ವರಕ್ಕೆ, ಕೀಲು ನೋವಿಗೆ, ಹೊಟ್ಟೆಗೆ, ಕೇಳಿದ್ದಕ್ಕೆಲ್ಲ ಅದೇ, ಒಂದು ಪೈಸೆ ಮುಟ್ಟುವುದಿಲ್ಲ, ಅದೇ ತಾಪತ್ರಯ, ಮೋಸ ಮಾಡುವವನಾಗಿದ್ದರೆ ಎದುರು ನಿಂತು ಜಗಳವಾದರೂ ಮಾಡಬಹುದಿತ್ತು, ಈ ಒಳ್ಳೆಯತನದ ಕೊರಳ ಪಟ್ಟಿ ಹಿಡಿಯುವುದು ಹೇಗೆ? ಈ ಜಾತಿಯ ಗಿಡ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂದು ಓದಿದ್ದನ್ನು ಅವಳು ಹೇಳಿದ ದಿನ ಅಪ್ಪ ಸಿಟ್ಟಾಗಲಿಲ್ಲ, ಮೆತ್ತಗೆ ನಕ್ಕರು, ಪರದೇಶದವರು ಬರದದ್ದು ನನಗ್ಯಾಕವಾ, ನೀ ಮಾಡಿ ನೋಡು, ನನ್ನ ಮಗಳು ಕಣ್ಣಿಲೆ ಕಂಡದ್ದನ್ನ ನಾ ನಂಬ್ತೇನಿ. ಆ ಒಂದು ಮಾತಿಗಾಗಿ ಅಲ್ಲವೇ ಇಷ್ಟು ತಿಂಗಳು ಈ ಗಡ್ಡೆಗಳ ಮುಂದೆ ಕೂತದ್ದು, ಬೇರು ಕತ್ತರಿಸಿದ್ದು, ಹೆಬ್ಬೆರಳಿಂದ ಅದುಮಿದ್ದು, ರಜೆಗೆ ಮನೆಗೆ ಹೋದರೆ ಅಣ್ಣ ಅಮರೇಶನ ಚೇಷ್ಟೆ ಕೇಳಿದ್ದು — ಉಳ್ಳಾಗಡ್ಡಿ ಡಾಕ್ಟರ್ ಬಂದ್ರು, ಎಲ್ಲಾರೂ ಕಣ್ಣ ಒರಸ್ಕೋರಿ. ಒರೆಸಿಕೊಳ್ಳಿ, ಒರೆಸಿಕೊಳ್ಳಿ.

ಆದರೆ ಅಪ್ಪ ಮಾಡಿದ್ದೇನು, ಮಗಳು ಬೇರು ಕತ್ತರಿಸುತ್ತಿದ್ದರೆ ಅವರು ಕಟ್ಟೆಯ ಮೇಲೆ ನಿಂತು ಬಂದವರಿಗೆಲ್ಲ ಹೇಳಿದರು, ನಮ್ಮ ವಾಣಿ ಧಾರವಾಡದಾಗ ಇದನ್ನ ಪರೀಕ್ಷಾ ಮಾಡಾಕತ್ತಾಳ್ರಿ, ಅಷ್ಟೇ, ಒಂದಕ್ಷರ ಸುಳ್ಳಿಲ್ಲ, ಸಾಲು ಬೈಪಾಸಿನ ಕಡೆಗೆ ಬೆಳೆಯಿತು. ಹೋದ ಸಲ ಮನೆಗೆ ಹೋದಾಗ ಸುಳ್ಳ ಎಂಬ ಊರಿನಿಂದ ಬಂದ ಹುಲಿಗೆವ್ವ ಎಂಬಾಕೆ ಕೈ ಹಿಡಿದು ಬಿಡಲೊಲ್ಲಳು, ನೀವ ಏನ್ರಿ ಆ ಪರೀಕ್ಷಾ ಮಾಡೂ ಅಕ್ಕಾರು, ನಿಮ್ಮನ್ನ ನಂಬಿ ನಮ್ಮ ಓಣಿ ಮಂದೀನೆಲ್ಲಾ ಟ್ರ್ಯಾಕ್ಸಿನ್ಯಾಗ ತುಂಬ್ಕೊಂಡು ಬಂದೇನ್ರಿ. ಇನ್ನೂ ಮುಗಿದಿಲ್ರಿ ಅಂದರೆ, ಮುಗೀಲಿ ಬಿಡ್ರಿ, ಏನ ಅವಸರ, ನಾವು ಕುಡಕೋತ ಇರ್ತೇವಿ! ಮುಗಿಯದ ಪರೀಕ್ಷೆಯೇ ಸರ್ಟಿಫಿಕೇಟು. ಅವಳೇ ಸರ್ಟಿಫಿಕೇಟು. ಗಾಜಿನ ಮೇಲೆ ಬೇರನ್ನು ಅದುಮಿದಂತೆ ತನ್ನನ್ನು ಯಾರೋ ಆ ಪಾತ್ರೆಯ ಮೇಲೆ ಅದುಮಿ ಅಂಟಿಸಿದ್ದಾರೆ, ಮತ್ತೆ ಕಣ್ಣು ಮಸೂರಕ್ಕೆ, ದೊಡ್ಡ ದುಂಡು, ಪಕ್ಕದಲ್ಲಿ ಸಣ್ಣ ದುಂಡು.

ಮತ್ತು ಅವ್ವ. ಕೊಡುವ ಮನೆಯ ಹೆಣ್ಣುಮಗಳು ಮೊದಲು ಕುಡಿದು ತೋರಿಸಬೇಕು, ಆಮೇಲೆ ಉಳಿದವರಿಗೆ, ಅಜ್ಜನ ಕಾಲದಿಂದ ಬಂದದ್ದು. ಅಪ್ಪ ಕುಡಿಯುವುದಿಲ್ಲ, ಅವರ ಪಿತ್ತಕ್ಕೆ ಆಗಿಬರುವುದಿಲ್ಲವಂತೆ, ಕುಡಿಯುವವಳು ಶಿವಲಿಂಗವ್ವ, ಸೊಸೆಯಾಗಿ ಬಂದಾಗಿನಿಂದ ಸೋಮವಾರ ಸೋಮವಾರ, ಸೆರಗು ಹೊದ್ದು, ಬೆಳ್ಳಿ ಲೋಟ ಎತ್ತಿ, ಎಲ್ಲರೂ ಅವಳ ಗಂಟಲನ್ನೇ ನೋಡುತ್ತಾರೆ, ಅದು ಏರಿ ಇಳಿದರೆ ಸಾಕು. ಈಗ ಕಾಲು ಬಾತಿವೆ, ಕಾಲುಂಗುರ ಕತ್ತರಿಸಿ ತೆಗೆಯಬೇಕಾಯಿತು, ರಕ್ತ ಪರೀಕ್ಷೆಗೆ ಬಾ ಎಂದರೆ, ಬ್ಯಾಸಿಗಿಗೆ ಹಿಂಗ ಆಗ್ತೈತಿ ಬಿಡು. ಇವತ್ತೂ ಸೋಮವಾರ — ಗಡಿಯಾರ ನೋಡಿದಳು, ಪಾತ್ರೆ ಕಟ್ಟೆಗೆ ಬರುವ ಹೊತ್ತು, ಫೋನ್ ಎತ್ತು, ಎತ್ತು ಅವ್ವಾ, ಎತ್ತಿದಳು, ಲಗೂ ಹೇಳವಾ, ಲೋಟಾ ಕೈಯಾಗ ಐತಿ, ಮಂದಿ ನಿಂತಾರ. ಕುಡೀಬ್ಯಾಡ ಅವ್ವಾ, ಪರೀಕ್ಷಾ ಮುಗೀತು, ನಾ ಕಣ್ಣಿಲೆ ನೋಡೇನಿ, ಅದು ಛಲೋ ಅಲ್ಲ, ಕೆಳಗ ಇಡು. ಹಿಂದಿನಿಂದ ಅಪ್ಪನ ದನಿ, ಯಾರದು, ವಾಣೀನ? ಏನಂತಾಳ? ಪರೀಕ್ಷಾ ಮುಗೀತಂತ್ರಿ ಎಂದಳು ಅವ್ವ, ಅಷ್ಟನ್ನೇ ಅಂದಳು, ಉಳಿದದ್ದು ಬಾಯಿಗೆ ಬರಲಿಲ್ಲ, ಅಪ್ಪ ಸಾಲಿಗೆ ಕೂಗಿದರು, ಕೇಳಿದ್ರೇನ್ರಿ, ನಮ್ಮ ಮಗಳ ಪರೀಕ್ಷಾ ಮುಗೀತಂತ, ಛಲೋ ಆತ್ರಿ, ಭಾಳ ಛಲೋ ಆತು, ನೂರು ಗಂಟಲು ಒಟ್ಟಿಗೆ. ಅವ್ವಾ, ಅಪ್ಪಾರ ಕೈಯಾಗ ಫೋನ್ ಕೊಡು, ಅವ್ವಾ! ಎಲ್ಲಾರೂ ನನ್ನ ಕಡೆನ ನೋಡಾಕತ್ತಾರ ವಾಣಿ, ಎತ್ತಿದ್ದನ್ನ ಹ್ಯಾಂಗ ಇಡ್ಲಿ, ನೀ ಬಂದ ಮ್ಯಾಲೆ ಮಾತಾಡೂಣು — ಆಮೇಲೆ ಕಿವಿಗೆ ಅಂಟಿಕೊಂಡಂತೆ ಒಂದು ಗುಟುಕು, ಇನ್ನೊಂದು, ಬೆಳ್ಳಿ ಹಲ್ಲಿಗೆ ತಾಗಿದ ಸಪ್ಪಳ, ಕಣ್ಣು ಮಸೂರದ ಮೇಲೆ, ಕೆಂಪು ದೊಡ್ಡ ದುಂಡು, ಪಕ್ಕದಲ್ಲಿ ಸಣ್ಣ ದುಂಡು, ಸಣ್ಣ ದುಂಡು, ಸಣ್ಣ