ಬ್ಯಾಟರಿ ಹುಸೇನಸಾಬರ ಜೋಕರ್ ಮೀನು

ದಾಂಡೇಲಿಯಲ್ಲಿ ಬ್ಯಾಟರಿ ಹುಸೇನಸಾಬರಿಗೆ ಎರಡು ವಿಷಯದಲ್ಲಿ ಹೆಸರಿತ್ತು. ಚಾರ್ಜಿಗೆಂದು ಅವರ ಅಂಗಡಿಯಲ್ಲಿ ಇಟ್ಟುಹೋದ ಬ್ಯಾಟರಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದಲುಬದಲಾದದ್ದಿಲ್ಲ. "ಅಮಾನತ್ ಅಂದ್ರ ಅಮಾನತ್. ನಂಬಿ ಇಟ್ಟದ್ದು ಹೆಂಗಿತ್ತೋ ಹಂಗ ತಿರುಗಿ ಕೊಡಬೇಕು" ಎನ್ನುತ್ತಿದ್ದರು. ಅದು ಒಳ್ಳೆಯ ಹೆಸರು. ಇನ್ನೊಂದು ಹೆಸರೆಂದರೆ, ಯಾವ ವಸ್ತುವನ್ನೂ ಬಿಚ್ಚಿ ನೋಡದೆ ಬಿಡುವ ಮನುಷ್ಯ ಅವರಲ್ಲ. ನೆಟ್ಟಗೆ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು "ಇನ್ನೂ ಚಲೋ ಮಾಡ್ತೇನಿ" ಎಂದು ಬಿಚ್ಚಿದ್ದರು. ಅಂದಿನಿಂದ ಅವರ ಹೆಂಡತಿ ಸಿರಾಜುನ್ನಿಸಾ ಕಾಗದದ ಮಿಲ್ಲಿನಲ್ಲಿ ಪಾಳಿಗೆ ಕೂಗುವ ಭೋಂಗಾ ಕೇಳಿಯೇ ಒಲೆಗೆ ಅಕ್ಕಿ ಇಡುತ್ತಿದ್ದರು.

ಇಂಥವರ ಮನೆಗೆ ಎರಡು ಸಾವಿರದ ಐದನೇ ಇಸವಿಯ ಚಳಿಗಾಲದಲ್ಲಿ ಅಕ್ಕನ ಮಗ ತಾರಿಕ ಬಂದ. ವಾಸ್ಕೋ ಬಂದರಿನಲ್ಲಿ ಕೆಲಸಕ್ಕಿದ್ದವನು ಮೂರು ತಿಂಗಳು ಹಡಗಿನಲ್ಲಿ ಹೋಗುವವನಿದ್ದ. ಜೀಪಿನಲ್ಲಿ ಒಂದು ಗಾಜಿನ ಪೆಟ್ಟಿಗೆ, ಕ್ಯಾನುಗಟ್ಟಲೆ ಸಮುದ್ರದ ನೀರು, ಒಂದಿಷ್ಟು ಕಲ್ಲು, ಎರಡು ಮೀನು ತಂದಿದ್ದ. ಕಿತ್ತಳೆ ಮೈ, ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ. ಜೋಕರ್ ಮೀನು ಅಂದ. ಒಂದು ದೊಡ್ಡದು, ಒಂದು ಸಣ್ಣದು.

"ಕರೆಂಟ್ ಹೋದ್ರ ಪಂಪು ನಡಸಾಕ ಬ್ಯಾಟರಿ, ನೀರು ಆರಿದಷ್ಟು ತುಂಬಾಕ ಡಿಸ್ಟಿಲ್ಡ್ ವಾಟರ್. ಎರಡೂ ಇರೂದು ನಿಮ್ಮ ಮನ್ಯಾಗ ಅಷ್ಟ ಮಾಮೂ" ಎಂದ ತಾರಿಕ. "ದಿನಕ್ಕ ಎರಡು ಸಲ ಚಿಟಿಕಿ ಕೂಳು ಹಾಕ್ರಿ. ಉಳಿದದ್ದೇನೂ ಮಾಡಬ್ಯಾಡ್ರಿ. ಅವು ಹೊಸ ಜಾಗಕ್ಕ ಹೊಂದಿಕೊಳ್ಳೂ ತನಕ ವಿಚಿತ್ರ ಆಡ್ತಾವ. ಆಡ್ಲಿ. ನೀವು ಸುಮ್ಮನ ಇರ್ರಿ."

"ಅಮಾನತ್" ಎಂದು ಹುಸೇನಸಾಬರು ಎದೆಯ ಮೇಲೆ ಕೈಯಿಟ್ಟರು. ಸಿರಾಜುನ್ನಿಸಾ ಮಾತ್ರ ಗೋಡೆಯ ಗಡಿಯಾರ ನೋಡಿದರು.

ಮೊದಲ ದಿನ ಎರಡೂ ಮೀನು ಪಂಪಿನ ಹಿಂದಿನ ಮೂಲೆ ಹಿಡಿದು ಕೂತವು. ಮೂರು ಅಡಿ ಉದ್ದದ ಮನೆಯಿದ್ದರೂ ಗೇಣು ಜಾಗ ಬಿಟ್ಟು ಕದಲಲಿಲ್ಲ.

"ಏನೋ ಫಾಲ್ಟ್ ಐತಿ" ಎಂದರು ಹುಸೇನಸಾಬರು.

"ಹೊಸ ಮನಿಗೆ ಬಂದವರು ಮೂಲಿ ಹಿಡಿಯೂದ. ನಾನು ಈ ಮನಿಗೆ ಬಂದಾಗ ಎಂಟು ದಿನ ಒಲಿ ಮುಂದಿಂದ ಎದ್ದಿರಲಿಲ್ಲ, ನೆನಪಿಲ್ಲೇನು?" ಎಂದರು ಸಿರಾಜುನ್ನಿಸಾ. ಅವರಿಗೆ ನೆನಪಿರಲಿಲ್ಲ. ಆ ಎಂಟು ದಿನ ಅವರು ಯಾವುದೋ ಲಾರಿಯ ಡೈನಮೋ ಬಿಚ್ಚಿಕೊಂಡು ಕೂತಿದ್ದರು.

ಎರಡನೇ ದಿನ ಮಗ್ರಿಬ್ ನಮಾಜು ಮುಗಿಸಿ ಬಂದು ನೋಡಿದರೆ ಮೀನುಗಳು ನೀರಿನ ಮೇಲ್ಗಡೆ ಅಡ್ಡ ವಾಲಿ ತೇಲುತ್ತಿದ್ದವು. ಹುಸೇನಸಾಬರ ಜೀವ ಬಾಯಿಗೆ ಬಂತು. ಗಾಜು ತಟ್ಟಿದರೆ ಎರಡೂ ದಡಬಡಿಸಿ ಎದ್ದು, ನಿದ್ದೆಗೆಡಿಸಿದವನನ್ನು ನೋಡುವ ಹಾಗೆ ಅವರನ್ನು ನೋಡಿದವು. ಮಲಗುವುದೇ ಹಾಗಂತೆ. ಅದನ್ನು ಅವರಿಗೆ ಹೇಳುವವರು ಯಾರು? ತಾರಿಕನ ಫೋನು ಸಮುದ್ರದ ನಡುವೆ ಸತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಮೂರನೆಯ ರೋಗ ಕಂಡಿತು. ದೊಡ್ಡದು ಹತ್ತಿರ ಬಂದಾಗಲೆಲ್ಲ ಸಣ್ಣದು ತಲೆಯಿಂದ ಬಾಲದವರೆಗೆ ಗಡಗಡ ನಡುಗುತ್ತಿತ್ತು. ಇದನ್ನು ಹುಸೇನಸಾಬರು ಅರ್ಧ ಮಾತ್ರ ರೋಗ ಎಂದುಕೊಂಡರು. ಉಳಿದರ್ಧವನ್ನು ಅಂಗಡಿಗೆ ಬಂದವರಿಗೆಲ್ಲ ಪಾಠ ಮಾಡಿದರು. ಮಿಲ್ಲಿಗೆ ಬಿದಿರು ಹೊಡೆಯುವ ಲಾರಿಯ ಡ್ರೈವರ್ ಶಂಕ್ರಪ್ಪನನ್ನು ಅಂಗಡಿಯ ಹಿಂದಿನ ಮನೆಯ ಪಡಸಾಲೆಗೆ ಕರೆದು ತೋರಿಸಿದರು.

"ದೊಡ್ಡದು ಗಂಡ. ಸಣ್ಣದು ಹೇಂತಿ. ಗಂಡ ಬಂದ್ರ ಹೆಂಗ ನಡಗತೈತಿ ನೋಡು. ಸಮುದ್ರದಾಗೂ ಒಂದು ಶಿಸ್ತು ಐತಿ."

ಒಳಗೆ ಸಿರಾಜುನ್ನಿಸಾ ಪಾತ್ರೆಯನ್ನು ಬೇಕಂತಲೇ ಸದ್ದು ಮಾಡಿ ಇಟ್ಟರು.

ಶಂಕ್ರಪ್ಪ ಬಂದಿದ್ದದ್ದು ಬೈಸಿಕೊಳ್ಳುವುದಕ್ಕೆ. ಬ್ಯಾಟರಿ ಸೋತಿದೆಯೆಂದು ತಾನೇ ಆ್ಯಸಿಡ್ ಸುರಿದು ಪ್ಲೇಟು ತಿನ್ನಿಸಿಬಿಟ್ಟಿದ್ದ. ಹುಸೇನಸಾಬರು ಓಣಿಗೆ ಕೇಳುವಂತೆ ಗದರಿದರು. "ಆರಿ ಹೋಗೂದು ನೀರು. ಆ್ಯಸಿಡ್ ಎಲ್ಲೂ ಹೋಗಂಗಿಲ್ಲ, ಒಳಗ ಇರತೈತಿ. ನೀರಷ್ಟ ಹಾಕು ಅಂತ ಎಷ್ಟು ಸಲ ಹೇಳಬೇಕೋ?" ಊರಿಗೆಲ್ಲ ಹೇಳಿದ ಈ ಬುದ್ಧಿ ಹೇಳಿದವರ ಹತ್ತಿರ ಎಷ್ಟು ದಿನ ಉಳಿಯಿತು ಎಂಬುದೇ ಮುಂದಿನ ಕತೆ.

ಸಿರಾಜುನ್ನಿಸಾ ತಂಗಿಯ ಮನೆಗೆಂದು ಹಳಿಯಾಳಕ್ಕೆ ಹೋದರು. ಮನೆಯಲ್ಲಿ ತಡೆಯುವವರಿಲ್ಲ. ಹುಸೇನಸಾಬರು ಒಂದು ದಿನ ಸುಮ್ಮನಿದ್ದರು, ಅದು ಅವರ ಜೀವಮಾನದ ದಾಖಲೆ. ಮರುದಿನ ಬೆಳಿಗ್ಗೆ ಬ್ಯಾಟರಿ ನೀರಿನ ಗಟ್ಟಿತನ, ಅಂದರೆ ಗ್ರಾವಿಟಿ, ನೋಡುವ ಹೊಸ ಗಾಜಿನ ನಳಿಗೆಯೊಂದನ್ನು ಬಿಚ್ಚಿ, ಮೀನಿನ ನೀರನ್ನು ಅದಕ್ಕೆ ಎಳೆದರು. ಬ್ಯಾಟರಿ ಚಲೋ ಇದ್ದರೆ ಒಳಗಿನ ತೇಲುಗುಂಡು ಮೇಲೆದ್ದು ಹಸಿರು ಗೆರೆ ತೋರಿಸುತ್ತದೆ, ಸೋತಿದ್ದರೆ ಕೆಂಪಿಗೆ ಇಳಿಯುತ್ತದೆ. ಈ ನೀರಿನಲ್ಲಿ ಅದು ಕೆಂಪನ್ನೂ ದಾಟಿ ತಳಕ್ಕೆ ಹೋಗಿ ಕೂತಿತು.

"ಯಾ ಅಲ್ಲಾ, ನೀರು ಪೂರಾ ಡೌನ್!"

ಮೂಲೆ ಹಿಡಿದದ್ದು, ಅಡ್ಡ ಬಿದ್ದದ್ದು, ನಡುಗಿದ್ದು ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿತು: ನೀರಿನ ಉಪ್ಪು ಇಳಿದುಹೋಗಿದೆ. ಮೀನು ಸತ್ತರೆ ಮೂವತ್ತು ವರ್ಷದ ಹೆಸರು ಸತ್ತ ಹಾಗೆ. ಅಡುಗೆಮನೆಯಿಂದ ಒಂದು ಕಿಲೋ ಉಪ್ಪಿನ ಪಾಕೀಟು ತಂದು, ಬೋಗುಣಿಯಲ್ಲಿ ಕರಗಿಸಿ, ಬಿಸ್ಮಿಲ್ಲಾ ಎಂದು ಸುರಿದರು. ಗುಂಡು ಮೇಲೇಳಲಿಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಇಲ್ಲಿ ಇರುವೆ ಕಚ್ಚಿದ್ದು ಪಾಪದ ಮೀನುಗಳನ್ನು. ಹೊತ್ತು ಹೋದಂತೆ ಎರಡೂ ಮರಳಿನ ಮೇಲೆ ಕುಸಿದು ಕಿವಿರು ಪಟಪಟ ಬಡಿಯತೊಡಗಿದವು. ನಡುಕ ನಿಂತಿತ್ತು. ಹುಸೇನಸಾಬರು ಅದನ್ನು ಗುಣವೆಂದು ತಿಳಿದು ಎರಡನೇ ಪಾಕೀಟಿನ ಮೂಲೆ ಹಲ್ಲಿನಲ್ಲಿ ಹರಿಯುತ್ತಿದ್ದಾಗ ಸಿರಾಜುನ್ನಿಸಾ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನಳಿಗೆ, ಬೋಗುಣಿ, ಹರಿದ ಪಾಕೀಟು, ಮಲಗಿದ ಮೀನು. ಕೇಳಬೇಕಾದ್ದೇನೂ ಇರಲಿಲ್ಲ.

"ರೀ, ಬ್ಯಾಟರಿ ಸೋತ್ರ ಆ್ಯಸಿಡ್ ಹಾಕ್ತಾರೇನು?"

"ಹುಚ್ಚಿ, ಆರಿ ಹೋಗೂದು ನೀರು, ಆ್ಯಸಿಡ್ ಒಳಗ..." ಎಂದವರು ಅಲ್ಲಿಗೇ ನಿಂತರು. ಬಾಯಲ್ಲಿ ಪಾಕೀಟಿನ ಚೂರು ಹಾಗೇ ಇತ್ತು. ಸಮುದ್ರದ ಉಪ್ಪೂ ಎಲ್ಲೂ ಹೋಗಿರಲಿಲ್ಲ, ಅದೂ ಒಳಗೇ ಇತ್ತು. ಬ್ಯಾಟರಿಯ ನಳಿಗೆ ಅಳೆಯುವುದು ಆ್ಯಸಿಡ್ಡನ್ನು. ಅದರ ಲೆಕ್ಕದಲ್ಲಿ ಜಗತ್ತಿನ ಸಮುದ್ರಗಳೆಲ್ಲ ಸೋತ ಬ್ಯಾಟರಿಗಳೇ. "ಸಿರಾಜು, ನಾನು ಅಮಾನತ್ ಕೊಂದೆ" ಎಂದರು.

"ಸತ್ತ ಮ್ಯಾಲ ಅಳೂಣು. ಈಗ ಬಕೆಟ್ ತರ್ರಿ."

ಉಪ್ಪುನೀರನ್ನು ಮಗ್ಗಿನಲ್ಲಿ ತೆಗೆಯುವುದು, ಡಿಸ್ಟಿಲ್ಡ್ ವಾಟರನ್ನು ಸೌಟಿನಲ್ಲಿ ಬಿಡುವುದು. ಒಮ್ಮೆಲೇ ಸುರಿಯಬೇಡಿ, ಅವಕ್ಕೆ ಗಾಬರಿಯಾಗುತ್ತದೆ ಎಂದು ಸಿರಾಜುನ್ನಿಸಾ ಹೇಳಿದರು, ಗಂಡ ಹೂಂ ಎಂದರು. ತೆಗೆದ ನೀರನ್ನು ಆಗಾಗ ನಾಲಿಗೆಗೆ ಇಟ್ಟು, ಕ್ಯಾನಿನಲ್ಲಿ ಉಳಿದಿದ್ದ ಸಮುದ್ರದ ನೀರಿನ ರುಚಿಗೆ ಹೋಲಿಸಿ ನೋಡುತ್ತಿದ್ದದ್ದೂ ಸಿರಾಜುನ್ನಿಸಾ ಅವರೇ. ಸಾರಿನ ಉಪ್ಪು ನಲವತ್ತು ವರ್ಷ ತಪ್ಪದ ನಾಲಿಗೆ ಅದು. ಅಂಗಡಿ ಮುಚ್ಚಿತ್ತು. ಹೊರಗೆ ಯಾರೋ ಬಾಗಿಲು ಬಡಿದು ಹೋದರು. ಮೀನುಗಳು ಏಳಲಿಲ್ಲ. ಇನ್ನು ಆಗದು ಎಂದು ಹುಸೇನಸಾಬರು ಸೌಟು ಕೆಳಗಿಟ್ಟರೆ, ಹೆಂಡತಿ ಅದನ್ನೆತ್ತಿ ಮತ್ತೆ ಕೈಗೆ ಕೊಟ್ಟರು.

ಮಿಲ್ಲಿನ ನಾಲ್ಕು ಗಂಟೆಯ ಭೋಂಗಾ ಆದ ಮೇಲೆ ದೊಡ್ಡದು ಮೆಲ್ಲಗೆ ಮೇಲೆದ್ದಿತು. ಒಂದು ಸುತ್ತು ಹಾಕಿ ಸಣ್ಣದರ ಎದುರು ಬಂದು ನಿಂತಿತು. ಸಣ್ಣದು ಮರಳು ಬಿಟ್ಟು ಎದ್ದು, ತಲೆಯಿಂದ ಬಾಲದವರೆಗೆ ಗಡಗಡ ನಡುಗಿತು.

"ನಡಗಿತು! ಸಿರಾಜು, ನಡಗಿತು ನೋಡು!" ಎಂದ ಹುಸೇನಸಾಬರು ಗಾಜಿಗೆ ಹಣೆ ಹಚ್ಚಿ ಅತ್ತುಬಿಟ್ಟರು. ರೋಗವೆಂದು ಅವರು ಯಾವುದನ್ನು ರಿಪೇರಿ ಮಾಡಹೊರಟಿದ್ದರೋ ಅದನ್ನೇ ಕಂಡು ಅವರಿಗೆ ಆ ದಿನ ಜೀವ ಬಂದಿತ್ತು.

ತಾರಿಕ ಫೆಬ್ರವರಿಯಲ್ಲಿ ಬಂದ. ನೀರಿಗೆ ಬೆರಳು ಇಳಿಸಿದ ಕೂಡಲೇ ದೊಡ್ಡ ಮೀನು ನುಗ್ಗಿ ಬಂದು ಕಚ್ಚಿತು. "ಭಾರಿ ಗಟ್ಟಿಗಿತ್ತಿ!" ಎಂದು ಅವನು ನಕ್ಕ.

"ಗಟ್ಟಿಗಿತ್ತಿ?" ಎಂದರು ಹುಸೇನಸಾಬರು.

"ದೊಡ್ಡದು ಹೆಣ್ಣು ಮಾಮೂ. ಇವು ಹುಟ್ಟೂದು ಎಲ್ಲಾ ಗಂಡಾಗಿ. ಎಲ್ಲಾರಕಿಂತ ಜೋರಾದದ್ದು ಹೆಣ್ಣಾಗಿ ಮನಿ ಯಜಮಾನಕಿ ಹಿಡೀತೈತಿ. ಸಣ್ಣದು ಗಂಡ. ಆಕಿ ಎದುರಿಗೆ ಬಂದಾಗ ನಡಗಿ, 'ನೀ ಹೇಳಿದ್ದ ಖರೆ' ಅಂತ ಒಪ್ಪಕೊಂತೈತಿ. ಹಂಗ ಮಾಡಿದ್ರ ಮನ್ಯಾಗ ಜಗಳಿಲ್ಲ."

ಸಿರಾಜುನ್ನಿಸಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗಂಡನನ್ನು ನೋಡಿದರು. ಆ ನೋಟಕ್ಕಿಂತ ಬೈಗುಳ ಹಗುರವಾಗಿರುತ್ತಿತ್ತು.

"ಏನೂ ಮಾಡಲಿಲ್ಲ ಹೌದಲ್ಲ ಮಾಮೂ?"

"ಏನೂ ಮಾಡಿಲ್ಲಪ್ಪ. ನೀ ಹೇಳಿದಂಗ ಸುಮ್ಮನಿದ್ರು" ಎಂದುಬಿಟ್ಟರು ಸಿರಾಜುನ್ನಿಸಾ.

ಹುಸೇನಸಾಬರು ಹೆಂಡತಿಯ ಮುಖ ನೋಡಿದರು. ಎಂದೂ ಸುಳ್ಳು ಹೇಳದ ಹೆಂಗಸು ಅವರ ಹೆಸರಿಗಾಗಿ ಹೇಳಿದ್ದರು. ಆ ಮಾತು ಅವರಿಗೆ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಡೆಗೆ ಉಗುಳಿದರು.

"ಒಂದು ಕಿಲೋ ಉಪ್ಪು ಹಾಕಿದ್ದೆ. ಉಳಿಸಿದಾಕಿ ನಿನ್ನ ಮುಮಾನಿ. ಹೆಂಗಿತ್ತೋ ಹಂಗ ನಾ ಇಡಲಿಲ್ಲ ತಾರಿಕ."

ತಾರಿಕ ಬಗ್ಗಿ ಗಾಜಿನೊಳಗೆ ನೋಡಿದ. "ಎರಡು ಇಟ್ಟಿದ್ದೆ. ಎರಡೂ ಅದಾವು" ಎಂದ. "ಏಪ್ರಿಲ್‌ಗೆ ಮತ್ತ ಹಡಗು ಹತ್ತಬೇಕು. ಇವನ್ನ ಜೀಪಿನ್ಯಾಗ ಮತ್ತ ಕುಣಿಸೂದು ಬ್ಯಾಡ, ಇಲ್ಲೇ ಇರ್ಲಿ. ಆದ್ರ ಉಪ್ಪಿನ ಡಬ್ಬಿಗೆ ಕೀಲಿ ಹಾಕ್ರಿ, ಕೀಲಿ ಮುಮಾನಿ ಕಡೆ ಇರ್ಲಿ."

ಮರುದಿನ ಶಂಕ್ರಪ್ಪ ತನ್ನ ಕ್ಲೀನರನನ್ನು ಮೀನು ತೋರಿಸಲೆಂದೇ ಕರೆತಂದ. "ನೋಡಲೇ, ದೊಡ್ಡದು ಗಂಡ. ಎದುರಿಗೆ ನಡಗೂದು ಹೇಂತಿ. ಹೌದಲ್ರೀ ಹುಸೇನಸಾಬ್ರ?"

ಒಳಗೆ ಚಹಾದ ಕಪ್ಪು ತೊಳೆಯುತ್ತಿದ್ದ ಸದ್ದು ನಿಂತಿತು.

"ತಪ್ಪು ಹೇಳಿದ್ದೆ ಶಂಕ್ರಪ್ಪ. ಸಣ್ಣದು ಗಂಡ."

"ಮತ್ತ ಗಂಡಾಗಿ ಯಾಕ ನಡಗತೈತಿ?"

ಹುಸೇನಸಾಬರು ಅಡುಗೆಮನೆಯ ಕಡೆಗೊಮ್ಮೆ ನೋಡಿ, ಒಳಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. "ಆಕಿ ಇರಲಿಲ್ಲಂದ್ರ ಸತ್ತ ಹೋಗ್ತಿದ್ದೆ ಅನ್ನೂದು ಅದಕ್ಕ ಗೊತ್ತೈತಿ."

ಕಪ್ಪು ತೊಳೆಯುವ ಸದ್ದು ಮತ್ತೆ ಶುರುವಾಯಿತು.