ಹಿತ್ತಿಲಿನ ಸುಣ್ಣದ ಗೆರೆ

ಅವ್ವ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಕುಡಿದರೆ ಓಣಿಯ ತುದಿಯ ಸಾರ್ವಜನಿಕ ಪಾಯಿಖಾನೆಗೆ ಹೋಗಬೇಕು. ಸೊಂಟದ ಮೂಳೆ ಮುರಿದ ಮೇಲೆ ಒಬ್ಬಳೇ ಹೋಗಲಾರಳು. ಮಗ ಬೆನ್ನ ಮೇಲೆ ಹೊತ್ತು ಎಂಟು ಮೆಟ್ಟಿಲು ಹತ್ತಿಸಬೇಕು. ಆ ಮೆಟ್ಟಿಲು ಕಟ್ಟಿದವನೂ ಅವನೇ. ಊರೆಲ್ಲ ಅವನನ್ನು ಮೇಸ್ತ್ರಿ ಅನ್ನುತ್ತಿತ್ತು.

"ಎಂಟು ಯಾಕೋ ಕಟ್ದೆ? ಎರಡು ಕಮ್ಮಿ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಅವ್ವ ಬೆನ್ನ ಮೇಲೆ ಕೂತೇ ಬೈಯುತ್ತಿದ್ದಳು.

ಊರಿನ ಅರ್ಧದಷ್ಟು ಬಚ್ಚಲು ಕಟ್ಟಿದ ಮೇಸ್ತ್ರಿ ಕೊನೆಗೆ ತನ್ನ ಹಿತ್ತಿಲಲ್ಲೊಂದು ಪಾಯಿಖಾನೆ ಕಟ್ಟಲು ಹೊರಟ. ನಾಲ್ಕಡಿಗೆ ಐದಡಿ. ಅಲ್ಲಿ ಇಲ್ಲಿ ಉಳಿದ ತುಂಡು ಇಟ್ಟಿಗೆ ಸಾಕಾಗಿತ್ತು.

"ಸುಮ್ನೆ ಎಬ್ಬಿಸಿಬಿಡು" ಅಂದಳು ಹೆಂಡತಿ. ಅವಳೂ ಅವನ ಜೊತೆ ಗಾರೆ ಹೊರುವವಳು.

"ಬೇಡ. ಕಚೇರೀಲಿ ಕೇಳಿಯೇ ಕಟ್ಟೋಣ. ನಾಳೆ ಬಂದು ಕೆಡವಿದ್ರೆ ಅವ್ವನ್ನ ಮತ್ತೆ ಹೊರಬೇಕು."

ಕೇಳಿದ್ದೇ ತಪ್ಪಾಯಿತು.

ಕಟ್ಟಡ ಕಚೇರಿಯಲ್ಲಿ ಟೇಪು ಸಾಹೇಬರು ಕೂತಿದ್ದರು. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಿದ್ದ ಇನ್ಸ್‌ಪೆಕ್ಟರಿಗೆ ಜನ ಇಟ್ಟ ಹೆಸರು ಅದು.

"ಬಣ್ಣ ಬಳಿಯೋಕೆ ಅನುಮತಿ ಬೇಡ. ಹೆಂಚು ಬದಲಾಯಿಸೋಕೆ ಬೇಡ. ಬಿರುಕು ಮುಚ್ಚೋಕೆ ಬೇಡ. ಹೊಸ ಗೋಡೆ ಎದ್ರೆ ಬೇಕು."

"ಮೂರೇ ಗೋಡೆ ಸಾರ್. ನಾಲ್ಕನೇದು ಮನೇದೇ."

"ಹಾಗಾದ್ರೆ ಮುಕ್ಕಾಲು ಅನುಮತಿ ಕೊಡ್ಲಾ? ಹೋಗಯ್ಯ, ನಕ್ಷೆ ಮಾಡಿಟ್ಕೋ. ನಾನೇ ಬಂದು ನೋಡ್ತೀನಿ."

ಮೇಸ್ತ್ರಿಗೆ ಗೊತ್ತಿದ್ದ ನಕ್ಷೆ ಒಂದೇ. ಹಗ್ಗ ಕಟ್ಟಿ ನೆಲದ ಮೇಲೆ ಸುಣ್ಣದ ಪುಡಿ ಉದುರಿಸುವುದು. ಮೂವತ್ತು ವರ್ಷದಲ್ಲಿ ಅವನಿಂದ ಮನೆ ಕಟ್ಟಿಸಿದವರೆಲ್ಲ ಆ ಗೆರೆಯೊಳಗೆ ಓಡಾಡಿಯೇ ಹೂಂ ಅಂದಿದ್ದರು. ಹಿತ್ತಿಲಲ್ಲೂ ಗೆರೆ ಎಳೆದ. ಬಾಗಿಲಿಗೆ ಜಾಗ ಬಿಟ್ಟ. ಅವ್ವನನ್ನು ಕುರ್ಚಿ ಸಮೇತ ಗೆರೆಯೊಳಗೆ ಇಟ್ಟು ನೋಡಿದ.

"ಅಗಲ ಸಾಕು ಕಣೋ" ಅಂದಳು ಅವ್ವ. ಆಮೇಲೆ ಸುತ್ತ ನೋಡಿ, "ಎಲ್ರೂ ಆ ಕಡೆ ತಿರುಗಿ, ನಾನು ಒಳಗಿದ್ದೀನಿ" ಎಂದು ನಕ್ಕಳು. ಮುರಿದ ಸೊಂಟದ ಮುದುಕಿ ನಕ್ಕಿದ್ದನ್ನು ನೋಡಿ ತಿಂಗಳುಗಳಾಗಿದ್ದವು.

ಟೇಪು ಸಾಹೇಬರು ಬಂದರು. ಗೆರೆ ಅಳೆದರು. ಬರೆದರು: ಅನುಮತಿಯಿಲ್ಲದೆ ಕಾಮಗಾರಿ ಆರಂಭಿಸಲಾಗಿದೆ.

"ಸಾರ್, ಇದು ನಕ್ಷೆ!"

"ನಕ್ಷೆ ಕಾಗದದ ಮೇಲಿರುತ್ತೆ. ನೆಲಕ್ಕೆ ಬಂದ್ರೆ ಕಟ್ಟಡ."

ಅಂಟಿನ ಡಬ್ಬಿ ತೆಗೆದು ಗೋಡೆಗೆ ನೋಟಿಸ್ ಮೆತ್ತಿದರು. ಏಳು ದಿನದಲ್ಲಿ ಕೆಡವತಕ್ಕದ್ದು. ಹೆಂಡತಿ ಪೊರಕೆ ತಂದು ಎರಡೇ ಬೀಸಿಗೆ ಗೆರೆ ಗುಡಿಸಿ ಹಾಕಿದಳು. "ಕೆಡವಿದ್ವಿ ಸಾರ್. ಇನ್ನಾದ್ರೂ ಅನುಮತಿ ಕೊಡಿ."

ಸಾಹೇಬರು ಇನ್ನೊಂದು ಸಾಲು ಬರೆದರು: ಸಾಕ್ಷ್ಯ ನಾಶ.

"ಈಗ ಇದು ಕೇಸು. ಮುಗಿಯೋವರೆಗೂ ಒಂದು ಇಟ್ಟಿಗೆ ಅಲ್ಲಾಡಬಾರ್ದು."

ಅಷ್ಟು ಹೊತ್ತೂ ಎಲ್ಲರೂ ನೆರಳಲ್ಲೇ ನಿಂತಿದ್ದರು. ಹಿತ್ತಿಲ ಆಚೆ ಸಾಹುಕಾರನ ಕಟ್ಟಡದ ನೆರಳು ಅದು. ಅನುಮತಿ ಇದ್ದದ್ದು ಎರಡು ಮಹಡಿಗೆ. ನಾಲ್ಕನೆಯದು ಏಳುತ್ತಿತ್ತು. ಕಟ್ಟುತ್ತಿದ್ದವನು ಇದೇ ಮೇಸ್ತ್ರಿ.

"ಅದಕ್ಕೆ ಬೇಡ್ವಾ ಸಾರ್?"

"ಅದು ದುರಸ್ತಿ."

"ಮಹಡಿ ಮೇಲೆ ಮಹಡಿ ದುರಸ್ತಿನಾ?"

"ತಾರಸಿ ಸೋರ್ತಿತ್ತಂತೆ. ಮೇಲೊಂದು ಮಹಡಿ ಬಂದ್ರೆ ಸೋರಲ್ಲ."

"ಆ ಮಹಡೀನೂ ಸೋರಿದ್ರೆ?"

"ಮತ್ತೆ ದುರಸ್ತಿ" ಎಂದರು ಸಾಹೇಬರು, ನಗದೆ.

ಮರುದಿನ ನಾಲ್ಕನೇ ಮಹಡಿಯಲ್ಲಿ ಗಾರೆ ಕಲಸಿಯಾಗಿತ್ತು. ಮೇಸ್ತ್ರಿ ಕರಣೆ ಮುಟ್ಟಲಿಲ್ಲ. ನೋಟಿಸಿನ ಕತೆಯನ್ನು ಹದಿನಾಲ್ಕು ಆಳುಗಳಿಗೂ ಹೇಳಿದ. ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ನಮ್ಮನೇಲೂ ತಗಡು ಕಿತ್ತು ಹಾಕಿದ್ರು ಅಣ್ಣಾ, ಕೋಳಿಗೂಡಿಗೆ ಹೊದಿಸಿದ್ದೆ" ಎಂದಳು ಗಾರೆ ಹೊರುವವಳೊಬ್ಬಳು. ತಲೆಯ ಮೇಲಿನ ಬಾಂಡ್ಲಿ ಕೆಳಗಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು.

ಸಾಹುಕಾರ ಏದುಸಿರು ಬಿಡುತ್ತ ಮೇಲೆ ಬಂದ. "ಗಾರೆ ಗಟ್ಟಿಯಾಗ್ತಿದೆ, ಕಣ್ಣು ಕಾಣಲ್ವಾ?"

"ಅನುಮತಿ ಪತ್ರ ತೋರಿಸಿ ಧಣಿ. ಕಾನೂನು ಈಗ ನಮಗೂ ಗೊತ್ತು."

"ಪತ್ರ ಕೇಳೋಕೆ ನೀನ್ಯಾವನೋ?"

"ಗೋಡೆ ಎಬ್ಬಿಸೋನು."

ಎಲ್ಲರೂ ಕೆಳಗಿಳಿದರು. ಮೇಸ್ತ್ರಿ ಸುಣ್ಣದ ಪುಡಿ ತುಂಬಿಕೊಂಡು ಕಟ್ಟಡದ ಸುತ್ತ ಬೆಳ್ಳಗೆ ಗೆರೆ ಎಳೆದ. ಹೆಂಡತಿ ಕಚೇರಿಗೆ ಹೋಗಿ, "ಮತ್ತೆ ಗೆರೆ ಬಿದ್ದಿದೆ ಸಾರ್, ಬೇಗ ಬನ್ನಿ" ಎಂದಳು. ಬಡವರ ಗೆರೆ ಎಂದುಕೊಂಡು ಟೇಪು ಸಾಹೇಬರು ಅಂಟಿನ ಡಬ್ಬಿ ಹಿಡಿದೇ ಬಂದರು. ಗೆರೆ ಎಲ್ಲಿದೆ ಎಂದು ಕಂಡ ಮೇಲೆ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಮೆತ್ತಿ ಸಾರ್" ಎಂದರು ಹದಿನಾಲ್ಕು ಜನ.

ಸಾಹೇಬರು ಸಾಹುಕಾರನ ಮುಖ ನೋಡಿದರು. ಸಾಹುಕಾರ ಸಾಹೇಬರ ಮುಖ ನೋಡಿದ. ಮೇಲೆ ಗಾರೆ ಕಲ್ಲಾಗುತ್ತಿತ್ತು.

ಅವ್ವ ಆಗಲೇ ಸಾಹುಕಾರನ ಬಾಗಿಲೆದುರು, ಗೆರೆಯೊಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಸೊಸೆ ಕೊಟ್ಟ ದೊಡ್ಡ ಲೋಟದ ನೀರನ್ನು ಗಟಗಟ ಕುಡಿದು ಮುಗಿಸಿದಳು.

"ಲೋ, ಈ ಮನೇಲಿ ಎಷ್ಟು ಪಾಯಿಖಾನೆ ಕಟ್ಟಿದ್ದೀಯಾ?"

"ಹನ್ನೊಂದು ಅವ್ವಾ."

"ಸರಿ. ಸಾಹೇಬ್ರು ಯೋಚನೆ ಮಾಡ್ಲಿ" ಎಂದು ಅವ್ವ ಇನ್ನೊಂದು ಲೋಟ ನೀರು ಕೇಳಿದಳು.